ಮೊಲದ ಕೈಯಲ್ಲಿ ಹಗ್ಗ

ನಾನು ಕ್ಷೌರಿಕ. ಕತ್ತಿ ಹಿಡಿದ ಕೈ ನಡುಗಿದರೆ ಗಿರಾಕಿಯ ಕಿವಿಗೇ ಸಂಚಕಾರ. ಹಾಗಾಗಿ ನಡುಗುವ ಕೈ ಕಂಡರೆ ನನಗೆ ಮೊದಲಿನಿಂದಲೂ ಭಯ. ದೇವರು ಬೇಕಂತಲೇ ಅಂಥ ಕೈಗಳನ್ನು ನನ್ನ ಮಗಳಿಗೆ ಕೊಟ್ಟ. ಮನೆಯಲ್ಲಿ ನಾವು ಅವಳನ್ನು ಕರೆಯುವುದೇ ಮೊಲ ಎಂದು. ಒಂದು ದಿನ ತರಗತಿಯಲ್ಲಿ ಎದ್ದು ನಿಂತು ಪಾಠ ಓದುವಾಗ ಪುಸ್ತಕ ಗಡಗಡ ನಡುಗಿತು, ಎಲ್ಲರೂ ನಕ್ಕರು. ಅವತ್ತಿನಿಂದ ಶಾಲೆ ಅಂದರೆ ಹೊಟ್ಟೆನೋವು, ಬೆಳಗಾದರೂ ಹೊದಿಕೆಯೊಳಗಿಂದ ಏಳುವುದಿಲ್ಲ. ನಾನಂತೂ ಅವಳ ಕೈಯಲ್ಲಿ ಲೋಟ ಕಂಡರೂ "ಇಲ್ಲಿ ಕೊಡು" ಎಂದು ಕಸಿದುಕೊಳ್ಳುತ್ತೇನೆ. ತಪ್ಪೇನು? ಬಿಸಿ ಹಾಲು ಚೆಲ್ಲಿದರೆ ಸುಟ್ಟುಕೊಳ್ಳುವವಳು ಅವಳೇ ತಾನೆ.

ಹೀಗೆ ಮುದುಡಿಕೊಂಡ ಮಕ್ಕಳಿಗಾಗಿ ಶಾಲೆಯವರೂ ಬಡಾವಣೆಯ ಸಂಘದವರೂ ಸೇರಿ ಹಳೇ ಗೋದಾಮಿನಲ್ಲಿ ಗೋಡೆ ಹತ್ತುವುದನ್ನು ಕಲಿಸತೊಡಗಿದರು. ಒಬ್ಬರು ಹತ್ತಬೇಕು, ಇನ್ನೊಬ್ಬರು ಕೆಳಗೆ ನಿಂತು ಅವರ ಹಗ್ಗ ಹಿಡಿಯಬೇಕು. ಹಗ್ಗ ಮೇಲಿನ ಕೊಂಡಿಯಿಂದ ಇಳಿದು ನೆಲಕ್ಕೆ ಬಿಗಿದ ಕೊಕ್ಕೆಯೊಳಗೆ ಹಾಯುತ್ತದೆ; ಭಾರವೆಲ್ಲ ಅದರ ಮೇಲೆ, ಹಿಡಿದವರು ಕೈ ಬಿಡದಿದ್ದರೆ ಸಾಕು. ಮೊಲ ಹಗ್ಗ ಹಿಡಿಯಲು ಕಲಿತಳು. ಹೊಟ್ಟೆನೋವು ಕಡಿಮೆಯಾಯಿತು, ನಾನೂ ಖುಷಿಪಟ್ಟೆ. ಆದರೆ ಕೊನೆಯ ದಿನಕ್ಕೆ ಅಲ್ಲೊಂದು ಪದ್ಧತಿಯಿದೆಯಂತೆ: ಅಪ್ಪನೋ ಅಮ್ಮನೋ ಹತ್ತಬೇಕು, ಹಗ್ಗ ಮಗುವಿನ ಕೈಯಲ್ಲಿ.

ನಾನು ಬರುವುದಿಲ್ಲ ಅಂದುಬಿಟ್ಟೆ.

"ನೀವು ಹೋಗ್ದೇ ಇದ್ರೆ ಅವಳು ಮತ್ತೆ ಹೊದಿಕೆಯೊಳಗೆ ಸೇರ್ಕೋತಾಳೆ, ನೋಡ್ಕೊಳ್ಳಿ" ಅಂದಳು ಹೆಂಡತಿ.

ಹೋದೆ. ಸುಮ್ಮನೆ ಹೋಗಲಿಲ್ಲ. ಕಲಿಸುವ ಮೇಡಂ ಅವರನ್ನು ಪಕ್ಕಕ್ಕೆ ಕರೆದು, "ಹಿಂದಿನಿಂದ ನೀವೂ ಹಗ್ಗ ಹಿಡ್ಕೊಂಡಿರಿ ಮೇಡಂ. ಅವಳಿಗೆ ಗೊತ್ತಾಗೋದು ಬೇಡ" ಅಂದೆ. ತಿರುಗಿದರೆ ಬೆನ್ನ ಹಿಂದೆಯೇ ಮೊಲ, ಕೈಯಲ್ಲಿ ನನಗೆ ತಂದ ಹೆಲ್ಮೆಟ್. ಅದನ್ನು ನನ್ನ ತಲೆಗಿಟ್ಟಳು. ನನ್ನ ಗಲ್ಲದ ಕೆಳಗೆ ಪಟ್ಟಿ ಬಿಗಿದಳು. ಬೆರಳುಗಳು ನಡುಗುತ್ತಿದ್ದವು.

ನೆಲದ ಮೇಲೆ ನಿಂತು ಮೀಸೆ ತಿರುವುವುದು ಸುಲಭ. ಅರ್ಧ ಗೋಡೆ ಹತ್ತುವಷ್ಟರಲ್ಲಿ ನನ್ನ ಬಾಯಿ ಒಣಗಿತ್ತು. ಕೆಳಗೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹೇಗೋ ತುದಿ ಮುಟ್ಟಿ ಕೆಳಗೆ ನೋಡಿದೆ. ನೋಡಬಾರದಿತ್ತು. ಮೇಡಂ ಕೈ ಕಟ್ಟಿಕೊಂಡು ದೂರ ನಿಂತಿದ್ದರು. ಹಗ್ಗ ಹಿಡಿದವಳು ಮೊಲ ಒಬ್ಬಳೇ.

"ಮೇಡಂ, ಹಿಡ್ಕೊಳ್ಳಿ!"

"ನಾನೇ ಬೇಡ ಅಂದೆ" ಅಂದಳು ಮೊಲ.

"ಅವಳಿಗೆ ಚೆನ್ನಾಗಿ ಬರುತ್ತೆ ಸರ್" ಅಂದರು ಮೇಡಂ.

ಇಳಿಯಬೇಕಾದರೆ ಗೋಡೆ ಬಿಟ್ಟು ಹಗ್ಗಕ್ಕೆ ಜೋತುಬೀಳಬೇಕು. ನನ್ನ ಬೆರಳು ಬಿಡಲೊಲ್ಲವು. ಇನ್ನೊಮ್ಮೆ ಕೂಗಿದರೆ ಮೇಡಂ ಬಂದೇ ಬರುತ್ತಿದ್ದರು. ಮೊಲ ಎಲ್ಲರೆದುರು ಹಗ್ಗ ಒಪ್ಪಿಸಿ, ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದಳು. ಆಮೇಲೆ ಅವಳನ್ನು ಯಾರು ಎಬ್ಬಿಸುತ್ತಾರೆ? ಇಷ್ಟೆಲ್ಲ ಗೊತ್ತಿದ್ದೂ ಬಾಯಿ ತೆರೆದೆ.

"ನಿನ್ನ ಕೈ ನಡುಗ್ತಿದೆ ಕಣೇ!"

"ಹೂಂ, ನಡುಗ್ತಿದೆ!" ಅವಳ ದನಿ ಇಡೀ ಗೋದಾಮಿಗೆ ಕೇಳಿಸಿತು. ಚಪ್ಪಾಳೆ ನಿಂತಿತು. "ಅದು ಹಾಗೇ ನಡುಗುತ್ತೆ ಅಪ್ಪ. ನಿಂಗಿಂತ ನಂಗೇ ಜಾಸ್ತಿ ಭಯ. ಆದ್ರೂ ಹಿಡ್ಕೊಂಡಿದೀನಲ್ಲ? ಗೋಡೆ ಬಿಡು."

ನನಗೆ ಧೈರ್ಯವೇನೂ ಬರಲಿಲ್ಲ, ಸುಳ್ಳೇಕೆ ಹೇಳಲಿ. ಕಣ್ಣು ಮುಚ್ಚಿ ಗೋಡೆ ಬಿಟ್ಟೆ. ಒಂದು ಗೇಣು ಜಾರಿದೆ, ಅರಚಿಕೊಂಡೆ. ಹಗ್ಗ ಬಿಗಿಯಾಯಿತು. ಕಣ್ಣು ತೆರೆದಾಗ ಗಾಳಿಯಲ್ಲಿ ನೇತಾಡುತ್ತಿದ್ದೆ. ಕೆಳಗೆ ಮೊಲ ತುಟಿ ಕಚ್ಚಿಕೊಂಡು, ಕಣ್ಣು ಮಿಟುಕಿಸದೆ, ನಡುಗುತ್ತಲೇ ನನ್ನನ್ನು ನೆಲಕ್ಕಿಳಿಸುತ್ತಿದ್ದಳು.