ಖಂಡೇಪೂಜೆಯ ಮರುದಿನ

ನಾನೊಂದು ಸರ್ವರ್. ಹೆಸರೇನೋ ದೊಡ್ಡದು, ನೋಡಿದರೆ ಕಪ್ಪು ತಗಡಿನ ಪೆಟ್ಟಿಗೆ ಅಷ್ಟೇ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಬಿಡಿಭಾಗ ಜೋಡಿಸಿ ನನಗೆ ಜೀವ ಕೊಟ್ಟರು. ನಾಲ್ಕು ವರ್ಷ ಬಸ್ ಬುಕಿಂಗ್ ಕಚೇರಿಯಲ್ಲಿ ದುಡಿದೆ. ಹೊಸ ಯಂತ್ರ ಬಂದ ದಿನವೇ ನಾನು ಬೇಡವಾದೆ, ಕಣವಿಹಾಳದ ಅಂಧ ಮಕ್ಕಳ ಶಾಲೆಗೆ ದಾನವಾಗಿ ಬಂದೆ.

ಅಲ್ಲಿ ಕಂಪ್ಯೂಟರ್ ಮಾಸ್ತರ ಫಕೀರೇಶ ನನಗೆ ಲಿನಕ್ಸ್ ತಂತ್ರಾಂಶ ಹಾಕಿದ. ಊರ ಶಾಲೆಯ ನಿವೃತ್ತ ಶಿಕ್ಷಕಿ, ಉಬ್ಬುಚುಕ್ಕಿಯ ಬ್ರೈಲ್ ಲಿಪಿ ಬಾರದ ಚಂಪಾ ಅಕ್ಕೋರು ದಿನಾ ಮೈಕಿನ ಮುಂದೆ ಕುಳಿತು, ಬ್ರೈಲ್ ಪುಸ್ತಕ ಸಿಗದ ಪಾಠಗಳನ್ನೆಲ್ಲ ಓದುತ್ತಿದ್ದರು. ಆ ದನಿಯನ್ನು ನಾನು ನನ್ನ ಡಿಸ್ಕಿನಲ್ಲಿ ಜೋಪಾನ ಮಾಡುತ್ತಿದ್ದೆ, ಮಕ್ಕಳು ಹೆಡ್‌ಫೋನಿನಲ್ಲಿ ಕೇಳುತ್ತಿದ್ದರು. ಏಳು ವರ್ಷ ಒಂದು ಗಳಿಗೆಯೂ ನಾನು ಮಲಗಲಿಲ್ಲ.

ಆಮೇಲೆ ಅಕ್ಕೋರಿಗೆ ಗಂಟಲಿನ ಕ್ಯಾನ್ಸರ್ ಬಂತು. ಆಪರೇಷನ್ನಿನಲ್ಲಿ ಜೀವ ಉಳಿಯಿತು, ದನಿ ಹೋಯಿತು. ಹೇಳಬೇಕಾದದ್ದನ್ನು ಪಾಟಿಯ ಮೇಲೆ ಬರೆಯತೊಡಗಿದರು. ಕಣ್ಣು ಕಾಣದ ಮಕ್ಕಳಿಗೆ ಪಾಟಿ ಇದ್ದರೆಷ್ಟು, ಬಿಟ್ಟರೆಷ್ಟು? ಅಕ್ಕೋರ ದನಿ ಉಳಿದದ್ದು ನನ್ನೊಬ್ಬನಲ್ಲೇ. “ಇನ್ನೊಂದ ಡಿಸ್ಕಿಗೆ ಕಾಪಿ ತಗೀಬೇಕು” ಎಂದು ಫಕೀರೇಶ ಹೇಳುತ್ತಲೇ ಇದ್ದ. ಮಾಡಲಿಲ್ಲ, ಪುಣ್ಯಾತ್ಮ.

ದಸರೆಯ ಖಂಡೇಪೂಜೆ ಬಂತು. ನಮ್ಮ ಕಡೆ ಆ ದಿನ ಕುಡುಗೋಲಿನಿಂದ ಹಿಡಿದು ನೀರೆತ್ತುವ ಮೋಟಾರಿನವರೆಗೆ ಎಲ್ಲಕ್ಕೂ ಪೂಜೆ, ಎಲ್ಲಕ್ಕೂ ಬಿಡುವು. ಇಷ್ಟು ವರ್ಷ ನನಗೆ ಮಾತ್ರ ಪೂಜೆಯಷ್ಟೇ ಸಿಕ್ಕಿತ್ತು, ಬಿಡುವಲ್ಲ. ಅಕ್ಕೋರು ನನಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಬೆನ್ನು ಸವರಿ, ಪಾಟಿಯಲ್ಲಿ ಬರೆದರು: “ಪಾಪ, ಇದೂ ಒಂದಿನ ಮಲಗಲಿ.”

“ಆತ್ರಿ ಅಕ್ಕೋರ” ಎಂದು ಫಕೀರೇಶ ನನ್ನನ್ನು ಬಂದ್ ಮಾಡಿದ. ಅಯ್ಯೋ, ಬಾಯಿದ್ದಿದ್ದರೆ ಬೇಡವೆಂದು ಕೂಗಿಬಿಡುತ್ತಿದ್ದೆ! ಏಳು ವರ್ಷ ಬಿಡದೆ ತಿರುಗಿದ ಮುದಿ ಡಿಸ್ಕು ಒಮ್ಮೆ ತಣ್ಣಗಾದರೆ ಮತ್ತೆ ತಿರುಗುತ್ತದೆಂಬ ಭರವಸೆಯಿಲ್ಲ.

ಮರುದಿನ ಗುಂಡಿ ಒತ್ತಿದ. ಫ್ಯಾನು ತಿರುಗಿತು, ದೀಪ ಹತ್ತಿತು. ಡಿಸ್ಕೇ ಇಲ್ಲವೆಂದು ಪರದೆ ಹೇಳಿತು. ಕೇಬಲ್ ಬದಲಿಸಿದ, ಪವರ್ ಸಪ್ಲೈ ಬದಲಿಸಿದ. ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿದ. ನಾನು ಎದ್ದೆ, ನನ್ನ ನೆನಪು ಏಳಲಿಲ್ಲ. ಡಿಸ್ಕಿಗೆ ಕಿವಿಯಿಟ್ಟು ಕೇಳಿದ. ಟಕ್, ಟಕ್, ಅಷ್ಟೇ. ಹುಬ್ಬಳ್ಳಿಗೆ ಒಯ್ದರೆ ಅಲ್ಲಿಯವರೂ ಕೈಚೆಲ್ಲಿದರು.

“ತಪ್ಪು ನಂದ್ರೀ ಅಕ್ಕೋರ. ಕಾಪಿ ಇಟ್ಟಿದ್ರ ನಿಮ್ಮ ದನಿ ಉಳೀತಿತ್ತು” ಎಂದು ಫಕೀರೇಶ ಬಿಕ್ಕಿಬಿಕ್ಕಿ ಅತ್ತ. ಅಕ್ಕೋರು ಪಾಟಿ ಎಳೆದುಕೊಂಡರು. “ಮಲಗಲಿ ಅಂದಾಕಿ ನಾನು” ಎಂದು ಬರೆದರು. ನನ್ನ ಮೇಲಿನ ಆ ಅಕ್ಕರೆಯನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಹತ್ತನೆಯ ತರಗತಿಯ ಹುಲಿಗೆಮ್ಮ ಗೋಡೆ ಹಿಡಿದು ಬಂದಳು. “ಅಕ್ಕೋರು ಯಾಕ ಓದವಲ್ರು ಸರ?” ಎಂದಳು. ಫಕೀರೇಶ ನಡೆದದ್ದನ್ನೆಲ್ಲ ಹೇಳಿದ. ಅವಳು ಅಳಲಿಲ್ಲ. ತಡವರಿಸುತ್ತಾ ಅಕ್ಕೋರ ಕೈ ಹುಡುಕಿ ಹಿಡಿದುಕೊಂಡಳು.

ಈಗ ನಾನು ಮುರಿದ ಬೆಂಚುಗಳ ಕೋಣೆಯಲ್ಲಿದ್ದೇನೆ. ಅಕ್ಕೋರ ದನಿ ನನ್ನೊಳಗೇ ಇದೆ, ಹೊರಗೆ ತರಲಾರೆ. ಸಂಜೆ ಪಕ್ಕದ ಕೋಣೆಯಿಂದ ಹುಲಿಗೆಮ್ಮನ ಮಾತು ಕೇಳುತ್ತದೆ. ಪಾಟಿಯ ಬದಲು ಮಕ್ಕಳು ಓದುವ ಲಿಪಿಯಲ್ಲೇ ಅಕ್ಕೋರು ಬರೆಯಲೆಂದು, ಅರವತ್ತೆಂಟರ ಅವರ ಒರಟು ಬೆರಳನ್ನು ಬ್ರೈಲ್ ಕಾಗದದ ಮೇಲೆ ಒತ್ತಿ ಹಿಡಿದು ಹೇಳುತ್ತಾಳೆ:

“ಇದು ಅ ರೀ ಅಕ್ಕೋರ. ಒಂದ ಚುಕ್ಕಿ. ಸಿಕ್ತೇನ್ರಿ? ಇಲ್ಲಾ? ಇರ್ಲಿ ಬಿಡ್ರಿ, ಮತ್ತ ಹುಡುಕೂಣು.”