ನಡುಹೊಳೆ

"ತಲೆ ಅದಲುಬದಲು ಮಾಡಿದ್ದೀರಿ, ಅಷ್ಟೇ," ಎಂದರು ಹಿರಿಯ ಚಿತ್ರಕಾರರು, ಹಾಳೆಗಳ ಕಟ್ಟನ್ನು ಹೆಬ್ಬೆರಳಲ್ಲಿ ಸರಸರನೆ ಮಗುಚುತ್ತ. ಹಾಳೆಗಳ ಮೇಲೆ ಕತ್ತಿ ಕಟ್ಟಿಕೊಂಡ ಹುಡುಗಿಯೊಬ್ಬಳು ಗಾಯಗೊಂಡ ರಾಜಕುಮಾರನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಳೆಗೆ ಇಳಿದಳು. ಮತ್ತೆ ಮಗುಚಿದರು, ಮತ್ತೆ ಇಳಿದಳು. "ಇವಳ ಕೈಯಲ್ಲಿರೋದು ಹುಡುಗ ಅಲ್ಲ, ಹತ್ತಿ ದಿಂಬು. ನಾಳೆಯೊಳಗೆ ಸರಿಹೋಗದಿದ್ರೆ ದೃಶ್ಯಾನ ಬೇರೆಯವರಿಗೆ ಕೊಡಬೇಕಾಗುತ್ತೆ."

ಚಿತ್ರ ಬರೆದವಳು ತಲೆ ತಗ್ಗಿಸಿದಳು. ಜಪಾನಿ ಶೈಲಿಯ ಕಾರ್ಟೂನ್ ಚಿತ್ರಗಳನ್ನು ಮಾಡುವ ಆ ಅನಿಮೆ ಸ್ಟುಡಿಯೊದಲ್ಲಿ ವರ್ಷಗಟ್ಟಲೆ ಅವಳು ಬೇರೆಯವರು ಬರೆದ ಎರಡು ಭಂಗಿಗಳ ನಡುವಿನ ಚಿತ್ರಗಳನ್ನು ತುಂಬಿಸುತ್ತ ಬಂದವಳು. ಇಡೀ ದೃಶ್ಯವೊಂದು ಕೈಗೆ ಸಿಕ್ಕಿದ್ದು ಇದೇ ಮೊದಲು. ಹುಡುಗ ಹುಡುಗಿಯನ್ನು ಎತ್ತಿಕೊಂಡು ಹೋಗುವುದನ್ನು ಕಣ್ಣು ಮುಚ್ಚಿಕೊಂಡೇ ಬರೆಯಬಲ್ಲಳು, ಅಷ್ಟು ಬರೆದಿದ್ದಳು. ಈ ಕಥೆಯಲ್ಲಿ ಎಲ್ಲವೂ ತಿರುವುಮುರುವು. ಯುದ್ಧಕ್ಕೆ ಹೋಗುವವಳು ಹುಡುಗಿ, ದಾರಿ ಕಾಯುವವನು ಹುಡುಗ. ಕೈಗೆ ಬೇರೆ ದಾರಿ ತೋಚದೆ ಅವಳು ಹಳೆಯ ಭಂಗಿಯನ್ನೇ ಇಟ್ಟುಕೊಂಡು ಮುಖ ಬದಲಿಸಿದ್ದಳು. ಈಗ ನೋಡಿದರೆ ರಾಜಕುಮಾರ ಕಾಲ್ಬೆರಳು ಚೂಪು ಮಾಡಿಕೊಂಡು, ಒಂದು ಕೈಯನ್ನು ಬಳ್ಳಿಯಂತೆ ಇಳಿಬಿಟ್ಟು, ಫೋಟೊ ತೆಗೆಸಿಕೊಳ್ಳುವವನ ಹಾಗಿದ್ದ.

ಮನೆಗೆ ಬಂದಾಗ ಗಂಡ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ. ಅವನು ಕೆಲಸಕ್ಕಿದ್ದ ಮುದ್ರಣಾಲಯ ಮುಚ್ಚಿದ ಮೇಲೆ ಒಲೆ ಅವನ ಪಾಲಿಗೆ ಬಂದಿತ್ತು. ಅಡುಗೆ ರುಚಿಯಾಗಿಯೇ ಇರುತ್ತಿತ್ತು, ಮಾತು ಮಾತ್ರ ಬತ್ತುತ್ತ ಬಂದಿತ್ತು. ಚೆನ್ನಾಗಿದೆ ಅಂದರೂ ಹಂಗಿಸಿದಂತೆ ಮುಖ ತಿರುಗಿಸುತ್ತಿದ್ದ.

"ರೀ, ನಿಮ್ಮನ್ನ ಒಂದ್ಸಲ ಎತ್ಕೋಬೇಕು."

"ಏನು?"

"ಎತ್ಕೊಂಡು ಈ ಗೋಡೆಯಿಂದ ಆ ಗೋಡೆಗೆ ನಡೀಬೇಕು. ನನ್ನ ಚಿತ್ರದಲ್ಲಿ ಹುಡುಗಿ ರಾಜಕುಮಾರನ್ನ ಎತ್ಕೊಂಡು ಹೊಳೆ ದಾಟ್ತಾಳೆ, ಭಾರ ಹೇಗಿರುತ್ತೆ ಅಂತ ಗೊತ್ತಾಗ್ಬೇಕು ನಂಗೆ."

"ಯಾವುದಾದ್ರೂ ಮೂಟೆ ಎತ್ಕೋ."

"ಮೂಟೆಗೆ ಸಂಕೋಚ ಇರಲ್ವಲ್ಲ."

ಅವನ ತುಟಿಯಂಚಿಗೆ ನಗು ಬಂದು ಹೋಯಿತು. ಚಾಕು ಕೆಳಗಿಟ್ಟು ನಡುಮನೆಯ ಬಾಗಿಲಿಗೆ ಬಂದ.

ತುಂಬಿದ ಗ್ಯಾಸ್ ಸಿಲಿಂಡರನ್ನು ಒಬ್ಬಳೇ ಎತ್ತಿಡುವ ಗಟ್ಟಿಗಿತ್ತಿ ಅವಳು. ಅವನೋ ಮೊದಲೇ ಸಣಕಲು, ಈಚೆಗೆ ಇನ್ನೂ ಇಳಿದಿದ್ದ. ಎತ್ತುವುದೇನೂ ಕಷ್ಟವಾಗಲಿಲ್ಲ, ನಡೆಯುವುದೇ ಆಗಲಿಲ್ಲ. ಅವನು ಹಲಗೆಯಂತೆ ಸೆಟೆದುಕೊಂಡಿದ್ದ. ಒಂದು ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

"ಭಾರ ಬಿಡ್ರೀ."

"ಬಿಟ್ಟಿದ್ದೀನಲ್ಲ."

"ಎಲ್ಲಿ ಬಿಟ್ರಿ? ಎಲ್ಲಾ ನೀವೇ ಇಟ್ಕೊಂಡಿದ್ದೀರಿ."

ಅಷ್ಟರಲ್ಲಿ ಒಳಕೋಣೆಯಿಂದ ಅತ್ತೆ ಬಂದು ಹೌಹಾರಿ ನಿಂತರು. "ಅಯ್ಯೋ, ಏನಾಯ್ತೇ ಇವನಿಗೆ?"

"ಏನಿಲ್ಲ ಅತ್ತೆ. ಆಫೀಸ್ ಕೆಲಸ."

"ಇಳಿಸೇ ನನ್ನ," ಎಂದ ಗಂಡ, ಹಲ್ಲು ಕಚ್ಚಿ. ಕಿವಿಗಳು ಕೆಂಪಾಗಿದ್ದವು.

ಅತ್ತೆ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಎಳೆ ಮಗುವಾಗಿದ್ದಾಗ್ಲೂ ಹೀಗೇ ಸೆಟೆದುಕೊಳ್ತಿದ್ದ. ಬೆನ್ನು ಸವರು, ಸಡಿಲ ಆಗ್ತಾನೆ," ಎಂದು ಹೇಳಿ, ಮಡಚಬೇಕಾದ ಬಟ್ಟೆ ಎಳೆದುಕೊಂಡು ಕೂತರು.

ಅವಳ ಎರಡೂ ಕೈ ತುಂಬಿದ್ದವು. ಅವನ ಬೆನ್ನಡಿಯಲ್ಲಿದ್ದ ಬೆರಳುಗಳನ್ನಷ್ಟೇ ಮೆಲ್ಲಗೆ ಆಡಿಸಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಚೌಕಟ್ಟು ಹಿಡಿದ ಕೈ ಜಾರಿತು. ಮೊಣಕಾಲು ಮಡಚಿಕೊಂಡಿತು. ಕೊನೆಗೆ ತಲೆ ಅವಳ ಹೆಗಲಿಗೆ ಬಿತ್ತು, ಅವನು ಒಮ್ಮೆಲೇ ಎರಡು ಪಟ್ಟು ಭಾರವಾದ. ಅವಳ ಸೊಂಟ ತಾನಾಗಿ ಹಿಂದಕ್ಕೆ ಬಾಗಿತು, ಹಿಮ್ಮಡಿ ನೆಲವನ್ನು ತಡಕಿತು. ಕಿಟಕಿಯ ಬೆಳಕು ಇಳಿಯುತ್ತಿತ್ತು. ಕಾಲಡಿಯ ನೆಲ ತಣ್ಣಗೆ, ನುಣ್ಣಗೆ, ಎಲ್ಲಿಗೋ ಹರಿಯುತ್ತಿರುವಂತೆ ತೋರಿತು. ಎದುರಿನ ಗೋಡೆ ದೂರದ ದಡದ ಹಾಗೆ ಮಸುಕಾಯಿತು. ಅವನ ಉಸಿರು ಅವಳ ಕೊರಳಿಗೆ ಬೆಚ್ಚಗೆ ತಾಗಿತು.

"ಸಾಕಾಗಿದೆ ಕಣೇ," ಎಂದ, ತಾಯಿಗೆ ಕೇಳದಂತೆ.

ಇಳಿಸೆಂದು ಹೇಳಿದ್ದಲ್ಲ ಅದು. ಅವಳು ನಡೆದಳು.

ಮರುದಿನ ಸ್ಟುಡಿಯೊದಲ್ಲಿ, ಹಾಳೆಗೆ ಅಡಿಯಿಂದ ಬೆಳಕು ಕೊಡುವ ದೀಪದ ಮೇಜಿನ ಮುಂದೆ ಕೂತವಳು ಕತ್ತಿಯ ಹುಡುಗಿಯನ್ನು ಮುಟ್ಟಲೇ ಇಲ್ಲ. ಮೊದಲು ರಾಜಕುಮಾರನ ಕತ್ತನ್ನು ಅಳಿಸಿದಳು. ತಲೆಯನ್ನು ಹುಡುಗಿಯ ಹೆಗಲಿಗೆ ಬೀಳಿಸಿದಳು, ಬಾಯನ್ನು ತುಸು ತೆರೆಸಿದಳು. ಕೆನ್ನೆ ಹೆಗಲಿಗೆ ಒತ್ತಿ ಅಂದಗೆಟ್ಟಿತು. ಇರಲಿ ಎಂದು ಬಿಟ್ಟಳು. ಹುಡುಗಿಯ ಸೊಂಟ ಆಮೇಲೆ ಯಾರೂ ಹೇಳದೆಯೇ ಬಾಗಿತು.

ಹಿರಿಯರು ಹಾಳೆಗಳನ್ನು ಮಗುಚಿದರು. ಇನ್ನೊಮ್ಮೆ ನಿಧಾನವಾಗಿ ಮಗುಚಿದರು. "ಉಳಿದದ್ದೂ ನೀವೇ ಮಾಡಿ," ಎಂದಷ್ಟೇ ಹೇಳಿ ಕಟ್ಟನ್ನು ಅವಳ ಕೈಗಿತ್ತರು.

ಆ ಸಂಜೆ ಅವಳು ಚಪ್ಪಲಿ ಬಿಡುತ್ತಿದ್ದಂತೆ ಅಡುಗೆಮನೆಯಿಂದ ದನಿ ಬಂತು. "ದಾಟಿದ್ನಾ ನಿನ್ನ ರಾಜಕುಮಾರ?"

ಅವನು ಅವಳ ಕೆಲಸದ ಮಾತೆತ್ತಿ ಎಷ್ಟೋ ಕಾಲವಾಗಿತ್ತು. ಅವಳು ಚಪ್ಪಲಿಯನ್ನು ಬೇಕೆಂದೇ ನಿಧಾನವಾಗಿ ಜೋಡಿಸಿಟ್ಟಳು.

"ಇನ್ನೂ ಅರ್ಧ ಹೊಳೆ ಇದೆ. ನಡುವೆ ಸೆಳವು ಜಾಸ್ತಿ."

ಒಲೆ ಆರಿದ ಸದ್ದಾಯಿತು. ಅವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನಡುಮನೆಯ ಪುಟ್ಟ ಮೇಜನ್ನು ಗೋಡೆಗೆ ಸರಿಸಿ ನಡೆಯಲು ಜಾಗ ಮಾಡಿದ. ಕುರ್ಚಿಯಲ್ಲಿದ್ದ ಅತ್ತೆ ಏನೂ ಕೇಳದೆ ಎರಡೂ ಕಾಲು ಮೇಲಕ್ಕೆತ್ತಿಕೊಂಡು ಕೂತರು.