ಆಂಪಿಯರ್ ಮೀಟರಿನ ಮುಳ್ಳು

ಅಪ್ಪ ಬಿಟ್ಟುಹೋದ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರಿಗೆ ಅಕ್ಕ, ತಮ್ಮ ಸೇರಿ ಅಂದು ಬೆಳಿಗ್ಗೆ ಆಂಪಿಯರ್ ಮೀಟರ್ ಕೂರಿಸಿದ್ದರು. ಬ್ಯಾಟರಿಗೆ ಕರೆಂಟು ತುಂಬುತ್ತಿದ್ದರೆ ಮುಳ್ಳು ಪ್ಲಸ್ ಕಡೆಗೆ, ಖಾಲಿಯಾಗುತ್ತಿದ್ದರೆ ಮೈನಸ್ ಕಡೆಗೆ. ಡ್ಯಾಶ್‌ಬೋರ್ಡಿನ ಕೆಳಗೆ ಅಕ್ಕ ಅಂಗಾತ, ಬಾನೆಟ್ಟಿನೊಳಗೆ ತಮ್ಮ ಬೋರಲು. ನಡುವಿನ ತಗಡಿನ ಗೋಡೆಯ ತೂತಿನಲ್ಲಿ ತಂತಿಗಳೂ ಬೈಗುಳಗಳೂ ಓಡಾಡಿದ್ದವು.

ಈಗ ಕಾರು ಇಳಿಜಾರಿನಲ್ಲಿ ಓಡುತ್ತಿತ್ತು, ಸ್ಟೀರಿಂಗ್ ತಮ್ಮನ ಕೈಯಲ್ಲಿ. ಹಿಂದೆ ಒಂದು ಲಾರಿ, ಪಕ್ಕದಲ್ಲಿ ಕಂದಕ.

"'ಬ್ಯಾಟರಿ ನಟ್ಟು ಬಿಗಿ ಮಾಡಿದ್ಯೇನೋ? ನಿಂಗೆ ನಟ್ಟೂ ಸಡಿಲ, ನಾಲಿಗೇನೂ ಸಡಿಲ!'" ತಮ್ಮ ಥೇಟ್ ಅಕ್ಕನ ಮೂಗುಸ್ವರದಲ್ಲಿ ಅಣಕಿಸಿದ.

ನಗುತ್ತಾ ಗುದ್ದಲು ಎತ್ತಿದ ಅಕ್ಕನ ಕೈ ಅರ್ಧಕ್ಕೇ ನಿಂತಿತು. ಬೆರಳಲ್ಲಿ ಕಪ್ಪು ರಬ್ಬರ್ ಉಂಗುರ. ತಗಡಿನ ಅಂಚು ತಂತಿಯನ್ನು ಕೊಯ್ಯದಂತೆ ತೂತಿಗೆ ಹಾಕಬೇಕಾದದ್ದು. ಕಳೆದುಹೋದೀತೆಂದು ಬೆರಳಿಗೆ ಏರಿಸಿಕೊಂಡಿದ್ದಳು.

"ಲೋ, ತೂತಿಗೆ ರಬ್ಬರ್ ನೀನು ಹಾಕ್ಲಿಲ್ವಾ?"

"ಒಳಗಡೆಯಿಂದ ನೀನೇ ಹಾಕಿದೀಯ ಅಂದ್ಕೊಂಡೆ!"

ಕಾರು ರಸ್ತೆಯ ಹಳ್ಳಕ್ಕೆ ಬಿದ್ದು ಎದ್ದಿತು. ಮುಳ್ಳು ಮೈನಸ್ ಕಡೆಗೆ ತಟಕ್ಕನೆ ಹಾರಿ ವಾಪಸು ಬಂತು. ಇನ್ನೊಂದು ಹಳ್ಳ. ಈ ಸಲ ಮುಳ್ಳು ಮೈನಸ್ಸಿನ ತುದಿಗೆ ಹೋಗಿ ಅಲ್ಲೇ ಅಂಟಿಕೊಂಡಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಅಕ್ಕನ ಮೊಣಕಾಲ ಬಳಿ ಹೊಗೆಯ ಎಳೆ. ತಗಡಿನಾಚೆ, ಗೇಣು ದೂರದಲ್ಲಿ, ಪೆಟ್ರೋಲ್ ಪೈಪು.

ತಮ್ಮ ಕಾರನ್ನು ರಸ್ತೆಯಂಚಿಗೆ ತಂದು ಕೀ ತಿರುಗಿಸಿದ. ಎಂಜಿನ್ ಸತ್ತಿತು. ಮುಳ್ಳು ಕದಲಲಿಲ್ಲ.

"ಆಫ್ ಮಾಡ್ದೆ ಕಣೇ! ಇನ್ನೂ ಯಾಕೆ ಅಲ್ಲೇ ಇದೆ?"

"ತಂತಿ ಕೊಯ್ದು ತಗಡಿಗೆ ತಾಗ್ತಿದೆ! ಅದಕ್ಕೆ ಕೀ ಲೆಕ್ಕಕ್ಕಿಲ್ಲ, ನೇರ ಬ್ಯಾಟರಿದು! ಇಳಿ ನೀನು, ಓಡು!"

ಅವನು ಇಳಿಯಲಿಲ್ಲ. ಅಕ್ಕ ಸೀಟಿನ ಮೇಲೆ ಮಂಡಿಯೂರಿ, ಹಿಂದಿದ್ದ ಬ್ಯಾಟರಿಯ ಮುಚ್ಚಳ ಕಿತ್ತೆಸೆದಳು. ಸ್ಪ್ಯಾನರು ಮನೆಯ ಶೆಡ್ಡಿನಲ್ಲಿತ್ತು.

"ನಟ್ಟು ಬಿಗಿ ಮಾಡಿದ್ಯೇನೋ?" ಅದೇ ಪ್ರಶ್ನೆ, ಆದರೆ ಸ್ವರ ಅವಳದ್ದಲ್ಲವೆಂಬಂತಿತ್ತು.

"ಇಲ್ಲ ಅಕ್ಕಾ... ಮರ್ತೆ."

ಅವಳು ಬ್ಯಾಟರಿಯ ಕೇಬಲ್ಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದಳು. ಬರಲಿಲ್ಲ. ಮತ್ತೊಮ್ಮೆ ತಿರುಚಿದಳು. ಸಡಿಲ ನಟ್ಟಿನಿಂದ ಕೇಬಲ್ಲು ಕಳಚಿ ಕೈಗೆ ಬಂತು.

ಮುಳ್ಳು ಸೊನ್ನೆಗೆ ಬಂದು ನಿಂತಿತು. ಹೊಗೆ ತೆಳುವಾಯಿತು. ಇಬ್ಬರೂ ಕೆಳಗಿಳಿದು ಕಾರಿನಿಂದ ದೂರ ಹೋಗಿ ಕೂತರು.

ಅಕ್ಕ ಉಂಗುರ ಬಿಚ್ಚಲು ಎಳೆಯುತ್ತಿದ್ದಳು. ಬೆರಳು ಊದಿಕೊಂಡಿತ್ತು.

"ಇರ್ಲಿ ಬಿಡೇ," ಅಂದ ತಮ್ಮ ಕೊನೆಗೆ, ಅವಳ ಕೈ ಹಿಡಿದು.